ಪುಟ್ಟ ಮಕ್ಕಳ ಜೊತೆ ಬೆಟ್ಟ, ಜಲಪಾತದ ಚಾರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಬೆಟ್ಟ ತೋರಿಸಬೇಕು, ಧುಮ್ಮಿಕ್ಕುವ ನೀರಿನ ಸದ್ದು ಕೇಳಿಸಬೇಕು ಎಂಬ ಆಸೆ ಇದ್ದರೂ ಎಲ್ಲಿಂದ ಶುರು ಮಾಡುವುದು ಎಂದು ಗೊತ್ತಾಗದ ಅಪ್ಪ ಅಮ್ಮಂದಿರಿಗಾಗಿ ಈ ಪುಟ. ಒಂದು ಮಾತು ಕೆಳಗಿನ ಹಲವು ಉತ್ತರಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಬೇಕೆಂದೇ ಬರೆದಿದ್ದೇನೆ: ಮಕ್ಕಳ ಚಾರಣದಲ್ಲಿ ಲೆಕ್ಕ ಹಾಕಬೇಕಾದ್ದು ಹೋಗುವುದನ್ನಲ್ಲ, ವಾಪಸ್ ಬರುವುದನ್ನು.

ಎಷ್ಟನೇ ವಯಸ್ಸಿನಿಂದ ಕರೆದುಕೊಂಡು ಹೋಗಬಹುದು?

ವಯಸ್ಸಿಗಿಂತ ಮಗುವಿನ ಕುತ್ತಿಗೆ, ಬೆನ್ನು ಎಷ್ಟು ಗಟ್ಟಿಯಾಗಿವೆ ಎಂಬುದು ಮುಖ್ಯ. ಆಸರೆಯಿಲ್ಲದೆ ಕೂರಲು ಬರುವ ತನಕ, ಅಂದರೆ ಸುಮಾರು 6 ತಿಂಗಳವರೆಗೆ, ಬೆನ್ನಿಗೆ ಹಾಕಿಕೊಳ್ಳುವ ಚೌಕಟ್ಟಿನ ಕ್ಯಾರಿಯರ್ ಬೇಡವೇ ಬೇಡ. ಅಲ್ಲಿಯವರೆಗೆ ಎದೆಗೆ ಕಟ್ಟಿಕೊಂಡು ಸಮತಟ್ಟಾದ, ಎಡವದಂಥ ದಾರಿಯಲ್ಲಿ ಸ್ವಲ್ಪ ಹೊತ್ತು ನಡೆಯಬಹುದು. ಆಗಲೂ ಮಗುವಿನ ಮುಖ ನಿಮಗೆ ಕಾಣುತ್ತಿರಬೇಕು, ಗದ್ದ ಅದರ ಎದೆಗೆ ಒತ್ತಿಕೊಂಡಿರಬಾರದು. ಗದ್ದ ಬಾಗಿದರೆ ಎಳೆಯ ಮಗುವಿನ ಉಸಿರುನಾಳ ಮಡಚಿಕೊಳ್ಳುತ್ತದೆ.

ನಿಜವಾದ ಸವಾಲು ಎರಡರಿಂದ ನಾಲ್ಕು ವರ್ಷದ ನಡುವಿನದು. ಆ ವಯಸ್ಸಿನ ಮಗು ಹೊರಲು ಭಾರ, ನಡೆಯಲು ಚಿಕ್ಕದು, ಹಟಕ್ಕೆ ಮಾತ್ರ ದೊಡ್ಡದು. ಹಾಗಂತ ಮನೆಯಲ್ಲೇ ಕೂರಬೇಕಿಲ್ಲ. ಸ್ವಲ್ಪ ನಡಿಗೆ, ಸ್ವಲ್ಪ ಹೊರುವುದು ಎಂದು ಮೊದಲೇ ನಿರ್ಧರಿಸಿ, ಪೂರ್ತಿ ದಾರಿ ಹೊತ್ತುಕೊಂಡು ಬರುವ ಪರಿಸ್ಥಿತಿ ಬಂದರೂ ಸಾಧ್ಯವಾಗುವಷ್ಟು ಚಿಕ್ಕ ದಾರಿ ಆರಿಸಿಕೊಳ್ಳಿ. ಐದು ದಾಟಿದ ಮೇಲೆ ಹೆಚ್ಚಿನ ಮಕ್ಕಳು ತಮ್ಮ ಕಾಲ ಮೇಲೆ ತಾವೇ ಹೋಗಿ ಬರುತ್ತಾರೆ.

ಮಗು ಎಷ್ಟು ದೂರ ನಡೆಯಬಲ್ಲದು? ಎಷ್ಟು ಸಮಯ ಇಟ್ಟುಕೊಳ್ಳಬೇಕು?

ಬೆಟ್ಟ ನಡೆಯುವವರು ಇಂದಿಗೂ ಬಳಸುವ ಒಂದು ಹಳೆಯ ಲೆಕ್ಕವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ್ದು: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ದೊಡ್ಡವರಿಗೆ, ಅದೂ ಎಲ್ಲೂ ನಿಲ್ಲದೆ ನಡೆದರೆ.

ಹೋಗಿ ಬರಲು ಒಟ್ಟು 4 ಕಿಲೋಮೀಟರ್, ನಡುವೆ 200 ಮೀಟರ್ ಏರಿಕೆ ಇರುವ ದಾರಿ ಅಂದುಕೊಳ್ಳಿ. ಈ ಲೆಕ್ಕದಲ್ಲಿ ಒಂದು ಗಂಟೆ 10 ನಿಮಿಷ ಸಾಕು. ನಾಲ್ಕೈದು ವರ್ಷದ ಮಗು ಜೊತೆಗಿದ್ದರೆ ನಾನು ಅದನ್ನು ದುಪ್ಪಟ್ಟು ಮಾಡಿ, ಅದರ ಮೇಲೆ ಒಂದು ಗಂಟೆ ಸೇರಿಸುತ್ತೇನೆ. ಆ ಹೆಚ್ಚುವರಿ ಗಂಟೆ ಮಗುವಿನದು. ಇರುವೆ ಸಾಲು ನೋಡಲು, ಕಲ್ಲು ಆರಿಸಲು, ಹಳ್ಳಕ್ಕೆ ಕಡ್ಡಿ ಎಸೆಯಲು ಅದಕ್ಕೆ ಸಮಯ ಬೇಕು. ಆ ಸಮಯ ಕೊಡದೆ ಎಳೆದುಕೊಂಡು ಹೋದರೆ ಮುಂದಿನ ಸಲ ಬೆಟ್ಟ ಅಂದಕೂಡಲೇ ಮಗು ಮುಖ ತಿರುಗಿಸುತ್ತದೆ.

ಮೊದಲ ಸಲ ಒಟ್ಟು 2 ಕಿಲೋಮೀಟರ್ ಮೀರಬೇಡಿ. ಇನ್ನೂ ಸ್ವಲ್ಪ ಹೋಗಬಹುದಿತ್ತು ಅನ್ನಿಸುವಾಗಲೇ ಮುಗಿಸಿ.

ದಾರಿ ಆರಿಸುವಾಗ ಏನೇನು ನೋಡಬೇಕು?

"ಸುಲಭ" ಎಂದು ಬರೆದಿರುವ ದಾರಿಯನ್ನು ದೊಡ್ಡವರು ದೊಡ್ಡವರಿಗಾಗಿ ಅಳೆದಿರುತ್ತಾರೆ. ನಿಮ್ಮ ಮೊಣಕಾಲೆತ್ತರದ ಕಲ್ಲುಮೆಟ್ಟಿಲು ಮೂರು ವರ್ಷದ ಮಗುವಿಗೆ ಹೆಚ್ಚುಕಡಿಮೆ ಸೊಂಟದೆತ್ತರ. ಅಂಥ 50 ಮೆಟ್ಟಿಲು ಹತ್ತುವುದೆಂದರೆ ಆ ಮಗು 50 ಸಲ ಗೋಡೆ ಹತ್ತಿದ ಹಾಗೆ. ಹಾಗಾಗಿ ಕಿಲೋಮೀಟರ್ ನೋಡುವ ಮೊದಲು ದಾರಿಯ ಫೋಟೊಗಳನ್ನು ನೋಡಿ. ಮೆಟ್ಟಿಲೆಷ್ಟು ಎತ್ತರ, ಪಕ್ಕದಲ್ಲಿ ಪ್ರಪಾತವಿದೆಯೇ, ದಾರಿ ಎಷ್ಟು ಅಗಲ, ಇಬ್ಬರು ಅಕ್ಕಪಕ್ಕ ನಡೆಯಬಹುದೇ ಎಂಬುದು ಅದರಲ್ಲಿ ಕಾಣುತ್ತದೆ. ಮಗುವಿನ ಕೈ ಹಿಡಿದು ನಡೆಯಲಾಗದಷ್ಟು ಕಿರಿದಾದ, ಪಕ್ಕಕ್ಕೆ ಆಳವಿರುವ ದಾರಿಯನ್ನು ಇನ್ನೂ ಕೆಲವು ವರ್ಷ ಬಿಟ್ಟುಬಿಡಿ.

ಹೋದ ದಾರಿಯಲ್ಲೇ ಮರಳುವ ಜಾಗವೇ ನನಗಿಷ್ಟ. ಎಲ್ಲಿಂದ ಬೇಕಾದರೂ ತಿರುಗಬಹುದು. ಸುತ್ತು ಹಾಕಿ ಬರುವ ದಾರಿಯಲ್ಲಿ ಅರ್ಧ ದಾಟಿದರೆ ಮುಗಿಯಿತು, ಮುಂದಕ್ಕೆ ಹೋಗಲೇಬೇಕು. ಕೊನೆಗೊಂದು ಜಲಪಾತ ಇದ್ದರೂ ನಡುವೆ ಒಂದು ಚಿಕ್ಕ ಸೇತುವೆಯೋ, ದೊಡ್ಡ ಬಂಡೆಯೋ, ತೊರೆಯೋ ಇದ್ದರೆ ಒಳ್ಳೆಯದು. ಮಗುವಿನ ಮಟ್ಟಿಗೆ ಅಲ್ಲಿಗೇ ಪ್ರವಾಸ ಸಾರ್ಥಕ.

ಇನ್ನೊಂದು ಮಾತು. ಕೆಲವು ಜಲಪಾತಗಳಿಗೆ ಕೆಳಗಿಳಿದು ಹೋಗಬೇಕು, ಗಾಡಿ ನಿಲ್ಲಿಸುವುದು ಮೇಲೆ. ಹೋಗುವಾಗ ಮಕ್ಕಳು ಓಡಿಕೊಂಡೇ ಇಳಿಯುತ್ತಾರೆ. ದಣಿದು, ಒದ್ದೆಯಾಗಿ, ಹಸಿದಿರುವ ಹೊತ್ತಿನಲ್ಲಿ ಅಷ್ಟನ್ನೂ ಹತ್ತಬೇಕು. ಅಂಥ ಕಡೆ ಮಗು ಎಷ್ಟು ದೂರ ನಡೆಯಬಲ್ಲದು ಎಂಬ ನಿಮ್ಮ ಅಂದಾಜನ್ನು ಅರ್ಧಕ್ಕೆ ಇಳಿಸಿ.

ಎಲ್ಲಿಂದ ವಾಪಸ್ ತಿರುಗಬೇಕು ಎಂದು ಹೇಗೆ ತಿಳಿಯುವುದು?

ಜಾಗ ನೋಡಿ ತಿರುಗಬೇಡಿ, ಗಡಿಯಾರ ನೋಡಿ ತಿರುಗಿ. ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ಗಾಡಿ ಹತ್ತಿರ ಇರಬೇಕು ಎಂದು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಆ ಸಮಯವನ್ನು ಹೊರಡುವ ಮೊದಲೇ ಜೊತೆಗಿರುವ ಎಲ್ಲರಿಗೂ ಹೇಳಿಬಿಡಿ. ಜಲಪಾತ ಇನ್ನು ಹತ್ತೇ ನಿಮಿಷ ಇರುವಾಗ ತಿರುಗಲು ಮನಸ್ಸು ಬರುವುದಿಲ್ಲ, ಮೊದಲೇ ಒಪ್ಪಿಕೊಂಡಿದ್ದರೆ ವಾದಕ್ಕೆ ಜಾಗವಿರುವುದಿಲ್ಲ.

ಮಗುವೂ ಸೂಚನೆ ಕೊಡುತ್ತದೆ. ಮಾತು ನಿಲ್ಲಿಸುತ್ತದೆ, ಸಮತಟ್ಟಾದ ಜಾಗದಲ್ಲೂ ಎಡವುತ್ತದೆ, ಇಷ್ಟದ ತಿಂಡಿಯನ್ನೂ ಬೇಡ ಅನ್ನುತ್ತದೆ. ಅಷ್ಟಾದರೆ ಮುಂದೆ ಹೋಗಬೇಡಿ.

ಜಲಪಾತದ ನೀರಿಗೆ ಮಗುವನ್ನು ಇಳಿಸಬಹುದೇ?

ಧಾರೆ ಬೀಳುವ ಗುಂಡಿಗೆ ಬೇಡ. ಈಜು ಬಂದರೂ ಬೇಡ, ನೀವು ಕೈ ಹಿಡಿದುಕೊಂಡಿದ್ದರೂ ಬೇಡ. ಯಾಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಕಾರಣ ಗೊತ್ತಿಲ್ಲದ ನಿಷೇಧವನ್ನು ಯಾರೂ ಪಾಲಿಸುವುದಿಲ್ಲ.

ಮೇಲಿಂದ ಬೀಳುವ ನೀರು ತನ್ನೊಂದಿಗೆ ಗಾಳಿಯನ್ನು ಎಳೆದುಕೊಂಡು ಬರುತ್ತದೆ. ಬುಡದಲ್ಲಿ ಕಾಣುವ ಬಿಳಿ ನೊರೆ ಅದೇ. ಗಾಳಿ ಬೆರೆತ ನೀರಿನ ಸಾಂದ್ರತೆ ಕಡಿಮೆ, ಅದರಲ್ಲಿ ದೇಹ ಸಾಮಾನ್ಯ ನೀರಿನಲ್ಲಿ ತೇಲಿದಂತೆ ತೇಲುವುದಿಲ್ಲ. ಜೊತೆಗೆ ಬಿದ್ದ ನೀರು ತಳಕ್ಕೆ ಹೋಗಿ, ಮುಂದೆ ಮೇಲೆದ್ದು, ಅದರಲ್ಲಿ ಒಂದಷ್ಟು ಮೇಲ್ಮೈಯಲ್ಲಿ ಮತ್ತೆ ಧಾರೆಯ ಕಡೆಗೇ ವಾಪಸ್ ಸುತ್ತುತ್ತದೆ. ದಡಕ್ಕೆ ಬರಲು ಯತ್ನಿಸುವವರನ್ನು ಆ ಸುಳಿ ಧಾರೆಯ ಕೆಳಕ್ಕೆ ಎಳೆಯುತ್ತದೆ. ತಳದ ಬಂಡೆಗಳ ನಡುವಿನ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುವುದು, ಮೇಲಿಂದ ನೀರಿನೊಂದಿಗೆ ಕಲ್ಲು, ಮರದ ತುಂಡು ಬೀಳುವುದು ಬೇರೆ.

ತಣ್ಣೀರಿನದು ಇನ್ನೊಂದು ಅಪಾಯ. 15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ತಟ್ಟನೆ ಬಿದ್ದಾಗ ನಮಗರಿವಿಲ್ಲದೆಯೇ ಜೋರಾಗಿ ಉಸಿರೆಳೆದುಕೊಳ್ಳುತ್ತೇವೆ. ಆ ಕ್ಷಣ ತಲೆ ನೀರೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ.

ಹಾಗಾದರೆ ಮಗು ನೀರಾಟವನ್ನೇ ಆಡಬಾರದೇ? ಆಡಲಿ. ಜಲಪಾತದಿಂದ ಸಾಕಷ್ಟು ಕೆಳಗೆ, ನೀರು ಹರವಾಗಿ ಹರಿಯುವ, ತಳದ ಮರಳು ಕಾಣುವ, ಮಗುವಿನ ಮೊಣಕಾಲು ಮುಟ್ಟದ ಜಾಗ ಹುಡುಕಿ. ಮೊದಲು ನೀವು ನಿಂತು ನೋಡಿ, ಕೆಳಗಡೆ ಇನ್ನೊಂದು ಧಾರೆಯೋ ಆಳದ ಮಡುವೋ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಆಮೇಲೆ ಒಬ್ಬರು ದೊಡ್ಡವರು ಮಗುವಿನ ಕೆಳಭಾಗದಲ್ಲಿ, ನೀರು ಹರಿದು ಹೋಗುವ ಕಡೆಗೆ, ಕೈಗೆಟುಕುವಷ್ಟು ಹತ್ತಿರ ನಿಲ್ಲಬೇಕು. ಫೋನ್ ಜೇಬಿನಲ್ಲಿರಲಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಬಾಯಿ ನೀರಿನಿಂದ ಮೇಲಿದ್ದಷ್ಟು ಹೊತ್ತು ಉಸಿರಾಡುವುದೇ ಅದಕ್ಕೆ ಸಾಕಾಗಿರುತ್ತದೆ. ಹಾಗಾಗಿ "ಕೂಗಿದರೆ ಕೇಳಿಸುತ್ತದಲ್ಲ" ಎಂಬ ಧೈರ್ಯ ಬೇಡ, ಅದರಲ್ಲೂ ಜಲಪಾತದ ಭೋರ್ಗರೆತದ ನಡುವೆ.

ಬಂಡೆ ಜಾರುತ್ತದೆಯೋ ಇಲ್ಲವೋ ನೋಡಿ ತಿಳಿಯಬಹುದೇ?

ತಕ್ಕಮಟ್ಟಿಗೆ. ಜಲಪಾತದ ತುಂತುರು ಬೀಳುವ ಬಂಡೆಯನ್ನು ಬಗ್ಗಿ ನೋಡಿ. ಒಣಗಿದ ಭಾಗ ಬೂದು ಬಣ್ಣ, ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿ. ಅದರ ಪಕ್ಕದಲ್ಲೇ ಕಪ್ಪಗೆ ಹೊಳೆಯುವ ಪಟ್ಟಿ ಇರುತ್ತದೆ. ಅಲ್ಲಿ ಪಾಚಿ ಎದ್ದು ಕಾಣುವುದಿಲ್ಲ, ಆದರೆ ಬೆರಳಿಟ್ಟರೆ ಲೋಳೆ ಹತ್ತುತ್ತದೆ. ಹಸಿರು ಪಾಚಿಗೆ ಎಲ್ಲರೂ ಹೆದರುತ್ತಾರೆ, ಬೀಳುವುದು ಈ ಕಪ್ಪು ಪಟ್ಟಿಯ ಮೇಲೆ. ಅದನ್ನು ಮಗುವಿಗೂ ಮುಟ್ಟಿಸಿ ತೋರಿಸಿ. ಬೂದು ಬಂಡೆ ಕಾಲಿಡಲು, ಕಪ್ಪು ಬಂಡೆ ನೋಡಲು ಎಂಬುದು ನಾಲ್ಕು ವರ್ಷದವರಿಗೂ ಅರ್ಥವಾಗುವ ನಿಯಮ.

ಜಲಪಾತದ ಮೇಲ್ತುದಿಗೆ ಹೋಗಬಹುದೇ?

ಮಕ್ಕಳೊಂದಿಗೆ ಬೇಡ. ಬೇಲಿ ಇದ್ದರೆ ಬೇಲಿಯ ಈಚೆ, ಅಷ್ಟೆ.

ಬಿಸಿಲಿದೆ, ಆದರೂ ನೀರು ಏರಬಹುದು ಅನ್ನುತ್ತಾರೆ. ನಿಜವೇ?

ನಿಜ. ನೀವು ನಿಂತಲ್ಲಿ ಬಿಸಿಲಿದ್ದು, ಮೇಲೆ ಕಣ್ಣಿಗೆ ಕಾಣದ ಬೆಟ್ಟದಲ್ಲಿ ಮಳೆ ಸುರಿಯುತ್ತಿರಬಹುದು. ಕಡಿದಾದ ಕಣಿವೆಯಲ್ಲಿ ಆ ನೀರೆಲ್ಲ ಒಂದೇ ಕಾಲುವೆಗೆ ಬಂದು ಸೇರುತ್ತದೆ. ಹಾಗಾಗಿ ಹವಾಮಾನ ನೋಡುವಾಗ ಜಲಪಾತದ ಊರಿನದ್ದಷ್ಟೇ ಅಲ್ಲ, ಅದರ ಮೇಲಿನ ಬೆಟ್ಟದ್ದನ್ನೂ ನೋಡಬೇಕು. ಹಿಂದಿನ ದಿನ ಜೋರು ಮಳೆಯಾಗಿದ್ದರೆ ಬೇರೆ ಕಡೆ ಹೋಗಿ.

ತಿಳಿಯಾಗಿದ್ದ ನೀರು ತಟ್ಟನೆ ಕೆಂಪಾಗುವುದು, ಎಲೆ, ಕಡ್ಡಿ ಗುಂಪುಗುಂಪಾಗಿ ತೇಲಿ ಬರುವುದು, ನಿಮ್ಮ ಪಕ್ಕದ ಒಣಗಲ್ಲು ನೋಡನೋಡುತ್ತಿದ್ದಂತೆ ಮುಳುಗುವುದು, ಮೇಲಿಂದ ಗುಡುಗಿನಂಥ ಸದ್ದು. ಇವುಗಳಲ್ಲಿ ಯಾವುದೊಂದು ಕಂಡರೂ ಚೀಲ, ಚಪ್ಪಲಿ ಬಿಟ್ಟು ಮಗುವನ್ನೆತ್ತಿಕೊಂಡು ದಡದ ಎತ್ತರಕ್ಕೆ ಹೋಗಿ. ಹರಿವಿನ ಜೊತೆ ಕೆಳಕ್ಕೆ ಓಡಬೇಡಿ, ಪಕ್ಕಕ್ಕೆ ಮೇಲೆ ಹತ್ತಿ.

ಇದೇ ಕಾರಣಕ್ಕೆ, ತೊರೆ ದಾಟಿ ಹೋಗುವ ದಾರಿಗಳನ್ನು ಪುಟ್ಟ ಮಕ್ಕಳೊಂದಿಗೆ ಆರಿಸಬಾರದು ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಸಂಜೆ ತೊಡೆಯುದ್ದ ಆಗಿರಬಹುದು, ಆಗ ನೀವು ಆಚೆ ದಡದಲ್ಲಿ ಉಳಿಯುತ್ತೀರಿ. ಹರಿವಿನ ವೇಗ ಎರಡು ಪಟ್ಟಾದರೆ ಅದು ಕಾಲಿಗೆ ಕೊಡುವ ಒತ್ತಡ ನಾಲ್ಕು ಪಟ್ಟು. ಸೇತುವೆ ಇದ್ದರೆ ದಾಟಿ, ಇಲ್ಲದಿದ್ದರೆ ಅಲ್ಲೇ ಬುತ್ತಿ ಬಿಚ್ಚಿ.

ಗುಡುಗು ಕೇಳಿಸಿದರೆ?

ಮಿಂಚಿನಿಂದ ಗುಡುಗಿನವರೆಗೆ ಎಣಿಸಿ. ಸದ್ದು 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಬರುತ್ತದೆ. ಎಣಿಕೆ 30ಕ್ಕಿಂತ ಕಡಿಮೆ ಇದ್ದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ಅಂದರೆ ನಿಮಗೂ ಬಡಿಯುವಷ್ಟು ಹತ್ತಿರ. ನೆತ್ತಿ, ಬಯಲು, ಒಂಟಿ ಮರ, ನೀರಿನ ಅಂಚು ಬಿಟ್ಟು ಕೆಳಗಿಳಿಯಿರಿ. ಮುಚ್ಚಿದ ಕಟ್ಟಡ ಅಥವಾ ಕಾರು ಒಳ್ಳೆಯದು. ಕೊನೆಯ ಗುಡುಗು ಕೇಳಿಸಿ 30 ನಿಮಿಷ ಆಗುವ ತನಕ ಮತ್ತೆ ಹೊರಡಬೇಡಿ.

ಯಾವ ಬಟ್ಟೆ, ಯಾವ ಶೂ?

ಎತ್ತರ ಹೆಚ್ಚಿದಂತೆ ಪ್ರತಿ 1000 ಮೀಟರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ತುಂತುರು, ಗಾಳಿ ಸೇರಿದರೆ ಇನ್ನೂ ಚಳಿ. ಮಕ್ಕಳ ಮೈತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಅವರ ಮೈ ದೊಡ್ಡವರದ್ದಕ್ಕಿಂತ ಬೇಗ ತಣ್ಣಗಾಗುತ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಮೈಗಂಟಿಕೊಂಡು ಚಳಿ ಹಿಡಿಸುತ್ತದೆ. ಬೇಗ ಒಣಗುವ ಬಟ್ಟೆ, ಅದರ ಮೇಲೊಂದು ಬೆಚ್ಚಗಿನದು, ಗಾಳಿ ಮಳೆಗೊಂದು ಜಾಕೆಟ್. ಇನ್ನೊಂದು ಜೊತೆ ಪೂರ್ತಿ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ, ಅದನ್ನು ವಾಪಸ್ ಬರುವಾಗಿಗೆಂದೇ ಉಳಿಸಿಕೊಳ್ಳಿ.

ಬಿಸಿಲಿನ ಅತಿನೇರಳೆ ಕಿರಣವೂ ಪ್ರತಿ 1000 ಮೀಟರಿಗೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಅಂಚಿರುವ ಟೋಪಿ ಬೇಕು. 6 ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಬದಲು ನೆರಳು, ಮೈಮುಚ್ಚುವ ಬಟ್ಟೆ.

ಶೂ ದುಬಾರಿಯದೇ ಆಗಬೇಕಿಲ್ಲ. ಅಡಿಭಾಗದಲ್ಲಿ ಆಳವಾದ ಗೀರುಗಳಿರಲಿ, ಈಗಾಗಲೇ ಮನೆ ಹತ್ತಿರ ಹಾಕಿ ಪಳಗಿರಲಿ, ಬೆರಳ ಮುಂದೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತದೆ. ಜಾಗ ಸಾಲದಿದ್ದರೆ ಉಗುರು ಶೂಗೆ ಬಡಿದು ಬಡಿದು ನೋಯುತ್ತದೆ, ಮಗು ಹೇಳಲು ಬಾರದೆ ಸುಮ್ಮನೆ ಅಳುತ್ತದೆ. ಇಳಿಜಾರಿನಲ್ಲಿ ಕಾರಣವಿಲ್ಲದೆ ಅಳುವ ಮಗುವಿನ ಶೂ ಬಿಚ್ಚಿ ನೋಡಿ.

ಕ್ಯಾರಿಯರ್‌ನಲ್ಲಿ ಹೊತ್ತುಕೊಂಡು ಹೋಗುವಾಗ ಯಾವುದಕ್ಕೆ ಗಮನ ಕೊಡಬೇಕು?

ಹೊತ್ತವರಿಗೆ ಬೆವರು, ಕೂತ ಮಗುವಿಗೆ ಚಳಿ. ಇದನ್ನು ಬಹಳ ಜನ ಮರೆಯುತ್ತಾರೆ. ಅಲುಗಾಡದೆ ಕೂತ ಮಗುವಿಗೆ ನಿಮಗಿಂತ ಒಂದು ಪದರ ಬಟ್ಟೆ ಹೆಚ್ಚು ಬೇಕು. ಅಂಗೈ ಮುಟ್ಟಿ ನೋಡಿದರೆ ಸರಿಯಾಗಿ ತಿಳಿಯುವುದಿಲ್ಲ, ಕತ್ತಿನ ಹಿಂದೆ ಬಟ್ಟೆಯೊಳಗೆ ಬೆರಳಿಟ್ಟು ನೋಡಿ. ಅರ್ಧ ಗಂಟೆಗೊಮ್ಮೆ ಇಳಿಸಿ ಕಾಲಾಡಿಸಲು ಬಿಡಿ, ಜೋತುಬಿದ್ದ ಕಾಲುಗಳು ಮರಗಟ್ಟುತ್ತವೆ. ತಗ್ಗಿದ ಕೊಂಬೆಗಳ ಕೆಳಗೆ ನೀವು ಬಗ್ಗಿದರೂ ಮಗುವಿನ ತಲೆ ನಿಮ್ಮದಕ್ಕಿಂತ ಎತ್ತರದಲ್ಲಿರುತ್ತದೆ. ಜಾರು ಬಂಡೆಯ ಮೇಲೆ ಕ್ಯಾರಿಯರ್ ಹೊತ್ತು ನಡೆಯಬೇಡಿ.

ಊಟ, ನೀರು?

ಮಕ್ಕಳು ಬಾಯಾರಿಕೆ ಎಂದು ಹೇಳುವಷ್ಟರಲ್ಲಿ ತಡವಾಗಿರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲವು ಗುಟುಕು ನೀರು, ಗಂಟೆಗೊಮ್ಮೆ ಏನಾದರೂ ತಿಂಡಿ. ಹೊಸ ರುಚಿಯ ಪ್ರಯೋಗ ಬೆಟ್ಟದ ಮೇಲೆ ಬೇಡ, ಮನೆಯಲ್ಲಿ ಇಷ್ಟಪಟ್ಟು ತಿನ್ನುವುದನ್ನೇ ಒಯ್ಯಿರಿ. ನಾಲ್ಕು ವರ್ಷದೊಳಗಿನವರಿಗೆ ಇಡೀ ಬೀಜ, ಗಟ್ಟಿ ಮಿಠಾಯಿ ಕೊಡಬೇಡಿ, ನಡೆಯುತ್ತಾ ತಿನ್ನುವಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೂಡದು. ಎಷ್ಟೇ ತಿಳಿಯಾಗಿ ಕಂಡರೂ ಜಲಪಾತದ ನೀರನ್ನು ಕುದಿಸದೆ ಕುಡಿಸಬೇಡಿ.

ತಂದದ್ದರಲ್ಲಿ ಅರ್ಧ ತಿಂಡಿ, ಅರ್ಧ ನೀರು ತಿರುಗುವ ಹೊತ್ತಿಗೆ ಚೀಲದಲ್ಲಿ ಉಳಿದಿರಬೇಕು.

"ಇನ್ನು ನಡೆಯಲ್ಲ" ಎಂದು ಕೂತುಬಿಟ್ಟರೆ?

ಮೊದಲು ನೀವೂ ಕೂತುಕೊಳ್ಳಿ. ಹಸಿವೋ, ಒದ್ದೆ ಕಾಲುಚೀಲವೋ, ಮೂತ್ರ ಬಂದಿದೆಯೋ ನೋಡಿ. ಹೆಚ್ಚಿನ ಸಲ ಕಾರಣ ಇವುಗಳಲ್ಲೇ ಸಿಗುತ್ತದೆ. ಏನೂ ಇಲ್ಲದಿದ್ದರೆ ಬೇಸರ. ಆಗ ಮಗುವನ್ನೇ ಮುಂದೆ ಬಿಟ್ಟು ದಾರಿ ತೋರಿಸಲು ಹೇಳಿ, ಮುಂದಿನ ದಾರಿಗುರುತು ಹುಡುಕಲು ಹೇಳಿ, ಕಥೆ ಶುರುಮಾಡಿ ಮುಂದಿನ ತಿರುವಿನ ತನಕ ಎಳೆಯಿರಿ. "ಇನ್ನು ಐದೇ ನಿಮಿಷ" ಎಂದು ಸುಳ್ಳು ಹೇಳಬೇಡಿ. ಒಂದು ಸಲ ಹೇಳಿದರೆ ಆಮೇಲೆ ನಿಮ್ಮ ಯಾವ ಮಾತನ್ನೂ ಮಗು ನಂಬುವುದಿಲ್ಲ, ಅಪಾಯದ ಜಾಗದಲ್ಲಿ "ನಿಲ್ಲು" ಅಂದಾಗ ಅದು ನಂಬಲೇಬೇಕು. ಏನೂ ನಡೆಯದಿದ್ದರೆ ವಾಪಸ್ ಹೊರಡಿ. ಅದರಲ್ಲಿ ಸೋಲೇನಿಲ್ಲ.

ತುಂಬ ಎತ್ತರದ ಜಾಗಗಳಿಗೆ?

2500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಮಕ್ಕಳಿಗೂ ಬರುತ್ತದೆ. ತಲೆನೋವು ಎಂದು ಹೇಳಲು ಬಾರದ ಮಗು ರಚ್ಚೆ ಹಿಡಿಯುತ್ತದೆ, ಆಟ ಬಿಡುತ್ತದೆ, ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ನಿದ್ದೆ ಮಾಡುವುದಿಲ್ಲ. ಆ ಎತ್ತರದಲ್ಲಿ ಈ ಲಕ್ಷಣಗಳಿಗೆ ಬೇರೆ ಕಾರಣ ಖಚಿತವಾಗುವ ತನಕ ಎತ್ತರವೇ ಕಾರಣ ಎಂದುಕೊಂಡು ಕೆಳಗಿಳಿಯಿರಿ. ಅಷ್ಟು ಎತ್ತರಕ್ಕೆ ಹೋಗುವ ಯೋಚನೆ ಇದ್ದರೆ ಮಕ್ಕಳ ವೈದ್ಯರನ್ನು ಮೊದಲೇ ಕೇಳಿ.

ಇಂಬಳ, ಉಣ್ಣೆ, ಹಾವು?

ಇಂಬಳ ಕಚ್ಚಿದರೆ ಅಪಾಯವಿಲ್ಲ, ಮಗು ಹೆದರುವುದು ರಕ್ತ ನೋಡಿ. ಸಣ್ಣ ತುದಿಯ ಬಳಿ ಉಗುರು ಇಟ್ಟು ಪಕ್ಕಕ್ಕೆ ಸರಿಸಿ ಬಿಡಿಸಿ, ತೊಳೆದು ಒತ್ತಿಹಿಡಿಯಿರಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಸ್ವಲ್ಪ ಹೊತ್ತು ಜಿನುಗುತ್ತದೆ. ಸುಡುವುದು, ಉಪ್ಪು ಹಾಕುವುದು ಬೇಡ. ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದುದನ್ನು ಅದು ಗಾಯದೊಳಗೇ ಕಕ್ಕಬಹುದು.

ಉಣ್ಣೆ ಹುಳ ಕಾಯಿಲೆ ಹರಡಬಲ್ಲದು, ಅದಕ್ಕೆ ಹೆಚ್ಚು ಗಮನ ಬೇಕು. ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಮುಂದಿನ ವಾರಗಳಲ್ಲಿ ಜ್ವರವೋ ಗುಳ್ಳೆಯೋ ಬಂದರೆ ಕಚ್ಚಿದ್ದನ್ನು ವೈದ್ಯರಿಗೆ ಹೇಳಿ.

ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಮಗುವನ್ನು ನಡೆಸದೆ, ಕಚ್ಚಿದ ಅಂಗ ಅಲುಗಾಡದಂತೆ ಎತ್ತಿಕೊಂಡು ನೇರ ಆಸ್ಪತ್ರೆಗೆ.

ಶೌಚ, ಡೈಪರ್?

ನೀರಿನಿಂದ ಕನಿಷ್ಠ 60 ಮೀಟರ್ ದೂರ, 15 ಸೆಂಟಿಮೀಟರ್ ಆಳದ ಗುಂಡಿ, ಮೇಲೆ ಮಣ್ಣು. ಡೈಪರ್, ಒದ್ದೆ ಟಿಶ್ಯೂ ಮಣ್ಣಲ್ಲಿ ಕರಗುವುದಿಲ್ಲ, ಕಟ್ಟಿಕೊಂಡು ವಾಪಸ್ ತನ್ನಿ. ಆ ತೊರೆಯ ನೀರನ್ನು ಕೆಳಗೆ ಯಾರೋ ಕುಡಿಯುತ್ತಾರೆ.

ಮಗು ದಾರಿ ತಪ್ಪಿದರೆ?

ಹೊರಡುವ ಮೊದಲೇ ಕಲಿಸಿಡಬೇಕಾದ್ದು ಎರಡು ವಿಷಯ. ಒಂದು, ಯಾರೂ ಕಾಣಿಸದಿದ್ದರೆ ಹುಡುಕಿಕೊಂಡು ಹೋಗಬೇಡ, ಹತ್ತಿರದ ಮರದ ಬಳಿ ನಿಂತುಬಿಡು, ನಾವೇ ಬರುತ್ತೇವೆ. ಎರಡು, ಕತ್ತಿನಲ್ಲಿರುವ ಸೀಟಿ ಊದು. ಎಳೆದರೆ ಬಿಟ್ಟುಕೊಳ್ಳುವ ದಾರದಲ್ಲಿ ಸೀಟಿ ಕಟ್ಟಿ, ಮನೆಯಲ್ಲೇ ಊದಿಸಿ ಅಭ್ಯಾಸ ಮಾಡಿಸಿ. ಬೆಟ್ಟಗಳಲ್ಲಿ ನಿಮಿಷಕ್ಕೆ 6 ಸಲ ಊದಿ ಒಂದು ನಿಮಿಷ ಬಿಡುವುದು ಆಲ್ಪ್ಸ್‌ನಿಂದ ಬಂದ ಸಹಾಯದ ಕರೆ, ಉತ್ತರ ಅಮೆರಿಕದಲ್ಲಿ 3 ಸಲ. ಮಗುವಿಗೆ ಎಣಿಕೆ ಬೇಕಿಲ್ಲ, ಯಾರಾದರೂ ಬರುವ ತನಕ ಊದುತ್ತಿರಲಿ. ಅಂದು ಬೆಳಿಗ್ಗೆ ಹೊರಡುವಾಗ ಮಗುವಿನದೊಂದು ಫೋಟೊ ತೆಗೆದಿಡಿ, ಹಾಕಿದ ಬಟ್ಟೆಯ ಬಣ್ಣ ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿರುವ ಯಾರಿಗಾದರೂ ಹೇಳಿರಿ.

ಇಳಿಯುವಾಗ ಮಗುವಿನ ಯಾವ ಕಡೆ ಇರಬೇಕು?

ಕೆಳಗಡೆ. ಹತ್ತುವಾಗಲೂ ಇಳಿಯುವಾಗಲೂ ಒಬ್ಬರು ದೊಡ್ಡವರು ಮಗುವಿಗಿಂತ ಒಂದೆರಡು ಹೆಜ್ಜೆ ಕೆಳಗಿರಬೇಕು, ಬಿದ್ದರೆ ತಡೆಯಲು. ಪಕ್ಕದಲ್ಲಿ ಆಳವಿದ್ದರೆ ನೀವು ಆಳದ ಕಡೆ, ಮಗು ಬೆಟ್ಟದ ಕಡೆ. ಮಕ್ಕಳಿಗೆ ಇಳಿಜಾರಿನಲ್ಲಿ ಓಡುವ ಆಸೆ ತಡೆಯಲಾಗುವುದಿಲ್ಲ, ದಣಿದ ಕಾಲಿಗೆ ಬ್ರೇಕ್ ಹಿಡಿಯುವ ಶಕ್ತಿ ಇರುವುದಿಲ್ಲ. ತೀರಾ ಕಡಿದಾದ ಕಡೆ ಕೂತು ಜಾರಿಕೊಂಡು ಇಳಿಯಲಿ, ಚಡ್ಡಿ ಕೊಳೆಯಾದರೆ ಆಗಲಿ. ಗಾಡಿ ಕಣ್ಣಿಗೆ ಬಿದ್ದಮೇಲೂ ಕೈ ಬಿಡಬೇಡಿ, ಕೊನೆಯ ನೂರು ಮೀಟರಿನಲ್ಲಿ ವಾಹನ ಓಡಾಡುವ ರಸ್ತೆ ಇರುತ್ತದೆ. ಗಾಡಿಯ ಬಾಗಿಲು ತೆರೆದು, ಒದ್ದೆ ಬಟ್ಟೆ ಬಿಚ್ಚಿ, ಕಂಕುಳು, ತೊಡೆಸಂದಿ, ಕಿವಿಯ ಹಿಂದೆ, ಕೂದಲ ಬುಡದಲ್ಲಿ ಉಣ್ಣೆ ಇದೆಯೇ ನೋಡಿ, ಒಣಬಟ್ಟೆ ಹಾಕಿ, ಉಳಿಸಿಟ್ಟ ತಿಂಡಿ ಕೊಡಿ.